ಮೊದಲ ಲಿನಕ್ಸ್‌ಗೆ ದೊಡ್ಡ ನಂಬರಿನ ಕರ್ನಲ್ ಬೇಡ

ಕೆಲವು ತಿಂಗಳಿಂದ ನಮ್ಮ ಕಂಪ್ಯೂಟರ್ ಲ್ಯಾಬಿನ ಹೊರಗೆ, ಬಸ್‌ಸ್ಟಾಪಿನಲ್ಲಿ, ಕ್ಯಾಂಟೀನಿನಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿದೆ: "ಲಿನಕ್ಸ್ ಹಾಕಬೇಕು, ಯಾವ ಕರ್ನಲ್ ಹಾಕಲಿ?" ಕೇಳುವವರಲ್ಲಿ ಹೆಚ್ಚಿನವರು ಪ್ರಥಮ ಪಿಯುಸಿಯವರು. ಕಾರಣ ಎಲ್ಲರಿಗೂ ಗೊತ್ತಿರುವುದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಇರಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿರುವುದು ಅಣ್ಣ ಡಿಗ್ರಿ ಮುಗಿಸಿ ಕೆಲಸಕ್ಕೆ ಹೋಗುವಾಗ ಬಿಟ್ಟುಹೋದ ಲ್ಯಾಪ್‌ಟಾಪ್, ಇಲ್ಲವೇ ಅಬ್ಬನ ಆಫೀಸಿನಲ್ಲಿ ಹಳತಾಯಿತೆಂದು ಕೊಟ್ಟದ್ದು. ಅದಕ್ಕೆ ವಿಂಡೋಸ್ 11 ಹತ್ತುವುದಿಲ್ಲ. ಆದ್ದರಿಂದ ಲಿನಕ್ಸ್.

ಇಷ್ಟರವರೆಗೆ ನನ್ನ ತಕರಾರು ಏನೂ ಇಲ್ಲ, ಸಂತೋಷವೇ. ಆದರೆ ಈ ಪ್ರಶ್ನೆಗೆ ನಮ್ಮಲ್ಲಿ ಕೆಲವರು ಕೊಡುತ್ತಿರುವ ಉತ್ತರ ನನಗೆ ಸರಿ ಕಾಣುವುದಿಲ್ಲ. "ಕರ್ನಲ್ ಡಾಟ್ ಆರ್ಗ್‌ಗೆ ಹೋಗು, ಎಲ್ಲಕ್ಕಿಂತ ಮೇಲಿರುವ ಹೊಸ ನಂಬರ್ ತೆಗೆದುಕೋ, ಅದನ್ನೇ ಹಾಕು" ಎನ್ನುತ್ತಾರೆ. ಈಗ ಲ್ಯಾಬಿನ ಹಳೆಯ ಯಂತ್ರಗಳಿಗೂ ಲಿನಕ್ಸ್ ಹಾಕುವ ಮಾತು ನಡೆಯುತ್ತಿದೆ. ಅಲ್ಲಿಯೂ ಇದೇ ಸಲಹೆ ಬಂದಿದೆ. ಮೊದಲ ಸಲ ಹಾಕುವವರಿಗೆ ಇದು ತಪ್ಪು ಸಲಹೆ ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಪರದೆಯ ಮೇಲೆ ಕಾಣುವ ಮೆನು, ಐಕಾನು, ಬಣ್ಣ ಯಾವುದೂ ಕರ್ನಲ್ ಅಲ್ಲ. ಕೀಬೋರ್ಡಿನಲ್ಲಿ ಒತ್ತಿದ ಕೀಲಿ ಯಾವ ಪ್ರೋಗ್ರಾಮಿಗೆ ಸೇರಬೇಕು, ಡಿಸ್ಕಿನ ಯಾವ ಜಾಗದಲ್ಲಿ ಫೈಲು ಕೂರಬೇಕು, ಯಾರಿಗೆ ಎಷ್ಟು ಮೆಮೊರಿ, ವೈಫೈ ಚಿಪ್ಪಿನ ಜೊತೆ ಯಾವ ಭಾಷೆಯಲ್ಲಿ ಮಾತಾಡಬೇಕು, ಇದೆಲ್ಲ ಅದರ ಕೆಲಸ. ಆದ್ದರಿಂದ ಕರ್ನಲ್ ಹೊಸದಾದರೆ ಡೆಸ್ಕ್‌ಟಾಪ್ ಚಂದವಾಗುವುದಿಲ್ಲ. ಬ್ರೌಸರಿನಲ್ಲಿ ಕನ್ನಡದ ಒತ್ತಕ್ಷರ ಒಡೆದು ಕಂಡರೆ ಕರ್ನಲ್ ಬದಲಿಸಿ ಪ್ರಯೋಜನವಿಲ್ಲ. ಅದು ಫಾಂಟಿನ ವಿಷಯ. (ಈ ಕಾರಣಕ್ಕೆ ಕರ್ನಲ್ ಬದಲಿಸಲು ಹೊರಟವರೊಬ್ಬರನ್ನು ನಾನು ಕಂಡಿದ್ದೇನೆ.) ಕರ್ನಲ್ ಒಳ್ಳೆಯದಿದ್ದರೆ ಅದು ಇದೆ ಎಂದೇ ನಮಗೆ ಗೊತ್ತಾಗುವುದಿಲ್ಲ.

ಬೇಕಿದ್ದರೆ ಮನೆಗೆ ಹೋದ ಮೇಲೆ ನಿಮ್ಮ ಮನೆಯ ಆಂಡ್ರಾಯ್ಡ್ ಫೋನ್ ತೆಗೆದು ನೋಡಿ. ಕಾಲೇಜಿನಲ್ಲಿ ನೋಡಬೇಡಿ, ಈ ಪತ್ರಿಕೆಯನ್ನು ಪ್ರಿನ್ಸಿಪಾಲರೂ ಓದುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ವಿವರ ಇರುವಲ್ಲಿ, ಹೆಚ್ಚಾಗಿ ಆಂಡ್ರಾಯ್ಡ್ ಆವೃತ್ತಿಯ ಕೆಳಗೆ, ಕರ್ನಲ್ ಆವೃತ್ತಿ ಎಂದಿರುತ್ತದೆ. ಆಂಡ್ರಾಯ್ಡ್‌ನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. ಅಲ್ಲಿ 4.19, 5.10, 5.15, 6.1 ಇಂಥ ಯಾವುದಾದರೂ ಒಂದು ಅಂಕಿ ಕಾಣಬಹುದು. 5.10 ಬಂದದ್ದು 2020ರ ಡಿಸೆಂಬರ್‌ನಲ್ಲಿ, 5.15 ಬಂದದ್ದು 2021ರ ಅಕ್ಟೋಬರ್‌ನಲ್ಲಿ, 6.1 ಬಂದದ್ದು 2022ರ ಡಿಸೆಂಬರ್‌ನಲ್ಲಿ. ದಿನವಿಡೀ ಕೈಯಲ್ಲಿ ಹಿಡಿದಿರುವ ಫೋನಿನಲ್ಲಿ ವರ್ಷಗಳ ಹಿಂದಿನ ಕರ್ನಲ್ ಇದೆ, ಯಾರೂ ದೂರು ಕೊಟ್ಟಿಲ್ಲ. ಈ ಅಂಕಿಗಳು ಆಕಸ್ಮಿಕವೂ ಅಲ್ಲ. ಅವೆಲ್ಲ "ಲಾಂಗ್‌ಟರ್ಮ್" ಎಂದು ಗುರುತಿಸಿ ದೀರ್ಘಕಾಲ ರಿಪೇರಿ ಮಾಡುತ್ತಾ ಬಂದ ಆವೃತ್ತಿಗಳು. ಅದರ ವಿಷಯ ಮುಂದೆ ಬರುತ್ತದೆ.

ಅದಕ್ಕೆ ಮೊದಲು ನಂಬರಿನ ಬಗ್ಗೆ ಒಂದು ಮಾತು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದಿಂದ ನಮಗೆಲ್ಲ ಅಂಕ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಅಭ್ಯಾಸ ಆಗಿಬಿಟ್ಟಿದೆ. ಕರ್ನಲ್ ನಂಬರು ಮಾರ್ಕ್ಸ್ ಕಾರ್ಡ್ ಅಲ್ಲ. ಅದು ದಶಮಾಂಶ ಸಂಖ್ಯೆಯೂ ಅಲ್ಲ: 6.12 ಎಂಬುದು 6.8ಕ್ಕಿಂತ ಹೊಸದು, ಗಣಿತದ ಮೇಷ್ಟ್ರು ಕ್ಷಮಿಸಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಮೊದಲ ಬಾರಿ ಹೊರಬಿಟ್ಟ 0.01ರಲ್ಲಿ ಇದ್ದದ್ದು ಸುಮಾರು 10 ಸಾವಿರ ಸಾಲು ಕೋಡ್. ಇಂದು ಅದು ಮೂರು ಕೋಟಿ ಸಾಲು ದಾಟಿದೆ. 1994ರ ಮಾರ್ಚ್‌ನಲ್ಲಿ 1.0 ಬಂತು, 1996ರಲ್ಲಿ 2.0. ಆ ಕಾಲದಲ್ಲಿ ನಂಬರಿಗೆ ಒಂದು ಅರ್ಥವಿತ್ತು. ಎರಡನೆಯ ಅಂಕಿ ಸಮಸಂಖ್ಯೆಯಾದರೆ ಬಳಕೆಗೆ, ಬೆಸಸಂಖ್ಯೆಯಾದರೆ ಪ್ರಯೋಗಕ್ಕೆ. 2.4 ಎಂದರೆ ಹಾಕಿಕೊಳ್ಳಬಹುದು, 2.5 ಎಂದರೆ ದೂರ ಇರಬೇಕು. 2003ರ ಡಿಸೆಂಬರ್‌ನಲ್ಲಿ 2.6 ಬಂದ ನಂತರ ಈ ಪದ್ಧತಿ ಬಿಟ್ಟುಹೋಯಿತು.

ಈಗ ಮೊದಲ ಅಂಕಿಗೆ ಯಾವ ಮಹತ್ವವೂ ಇಲ್ಲ. 3.19 ಆದ ಮೇಲೆ 4.0 ಬಂತು, 4.20 ಆದ ಮೇಲೆ 5.0, 5.19 ಆದ ಮೇಲೆ 6.0. ಎಣಿಸಲು ಕೈಬೆರಳು ಕಾಲ್ಬೆರಳು ಮುಗಿದಾಗ ಮೊದಲ ಅಂಕಿ ಬದಲಿಸುತ್ತೇನೆ, ಅಷ್ಟೇ ಎಂದು ಟೊರ್ವಾಲ್ಡ್ಸ್ ಅವರೇ ತಮಾಷೆಯಾಗಿ ಹೇಳಿದ್ದುಂಟು. "6 ಬಂತಂತೆ, 5 ಹಳತಾಯಿತಂತೆ" ಎಂದು ನಮ್ಮವರು ಹೇಳುವಾಗ ನನಗೆ ಅದು ನೆನಪಾಗುತ್ತದೆ.

ಹೊಸ ಕರ್ನಲ್ ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ವಿಷಯ ಸ್ಪಷ್ಟವಾಗುತ್ತದೆ. ಸುಮಾರು ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಮೊದಲ ಎರಡು ವಾರ ಪ್ರಪಂಚದ ಎಲ್ಲ ಕಡೆಯಿಂದ ಬಂದ ಹೊಸ ಕೋಡನ್ನು ಒಳಗೆ ಸೇರಿಸುತ್ತಾರೆ. ನಂತರ ಏಳೆಂಟು ವಾರ, ವಾರಕ್ಕೊಂದರಂತೆ ಆರ್‌ಸಿ ಎಂಬ ಪರೀಕ್ಷಾ ಆವೃತ್ತಿ ಬಿಟ್ಟು ತಪ್ಪು ಹುಡುಕುತ್ತಾರೆ. ಆಮೇಲೆ ಬಿಡುಗಡೆ. ಆದರೆ ಮೂರು ಕೋಟಿ ಸಾಲಿನ ಕೋಡನ್ನು ಜಗತ್ತಿನ ಎಲ್ಲ ಬಗೆಯ ಯಂತ್ರದ ಮೇಲೆ ಏಳೆಂಟು ವಾರದಲ್ಲಿ ಪರೀಕ್ಷಿಸಿ ಮುಗಿಸಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಬಿಡುಗಡೆಯಾದ ಮೇಲೂ ದುರಸ್ತಿ ನಡೆಯುತ್ತಲೇ ಇರುತ್ತದೆ: 6.12 ಆದ ಮೇಲೆ 6.12.1, 6.12.2 ಹೀಗೆ. ಮೂರನೆಯ ಅಂಕಿ ದುರಸ್ತಿಯ ಲೆಕ್ಕ. ನನ್ನನ್ನು ಕೇಳಿದರೆ ನಮಗೆ ಮುಖ್ಯವಾದ ಅಂಕಿ ಇದೇ, ಮೊದಲ ಎರಡಲ್ಲ.

ಈ ದುರಸ್ತಿ ಎಷ್ಟು ದಿನ ಸಿಗುತ್ತದೆ? ಸಾಮಾನ್ಯ ಆವೃತ್ತಿಗೆ ಮುಂದಿನದು ಬರುವವರೆಗೆ, ಜೊತೆಗೆ ಕೆಲವು ವಾರ. ಅಷ್ಟೇ. ಆಮೇಲೆ ಅದು ಅನಾಥ. ವರ್ಷಕ್ಕೊಂದನ್ನು ಮಾತ್ರ ಲಾಂಗ್‌ಟರ್ಮ್ ಎಂದು ಆರಿಸಿ ಕನಿಷ್ಠ ಎರಡು ವರ್ಷ, ಕೆಲವನ್ನು ಇನ್ನೂ ಹೆಚ್ಚು ಕಾಲ, ನೋಡಿಕೊಳ್ಳುತ್ತಾರೆ. 5.10, 5.15, 6.1, 6.6, 6.12 ಈ ಸಾಲಿಗೆ ಸೇರಿದವು. ಗ್ರೆಗ್ ಕ್ರೋ-ಹಾರ್ಟ್‌ಮನ್ ಎಂಬವರ ಹೆಸರನ್ನು ನಮ್ಮಲ್ಲಿ ಯಾರೂ ಕೇಳಿರಲಿಕ್ಕಿಲ್ಲ. ಹಲವು ವರ್ಷಗಳಿಂದ ಈ ದುರಸ್ತಿಯ ಮುಂದಾಳತ್ವ ಅವರದ್ದು. ಹೊಸದು ಮಾಡಿದವರಿಗೆ ಹೆಸರು ಬರುತ್ತದೆ, ಹಳೆಯದನ್ನು ನೋಡಿಕೊಳ್ಳುವವರಿಗೆ ಬರುವುದಿಲ್ಲ. ಇರಲಿ.

ಕರ್ನಲ್ ಡಾಟ್ ಆರ್ಗ್‌ನ ಪಟ್ಟಿ ನೋಡಿ ಗೊಂದಲವಾಗುವ ಇನ್ನೊಂದು ಸಂಗತಿಯಿದೆ. ಉಬುಂಟು 24.04 ಬಂದದ್ದು 2024ರ ಏಪ್ರಿಲ್ 25ಕ್ಕೆ, 6.8 ಕರ್ನಲ್ ಜೊತೆಗೆ. ಅದಾಗಿ ಸುಮಾರು ಒಂದು ತಿಂಗಳಿಗೆ ಕರ್ನಲ್ ಡಾಟ್ ಆರ್ಗ್ 6.8ಕ್ಕೆ ದುರಸ್ತಿ ನಿಲ್ಲಿಸಿತು. "ನೋಡು, ಸತ್ತುಹೋದ ಕರ್ನಲ್ ಕೊಡುತ್ತಿದ್ದಾರೆ" ಎಂದು ನನ್ನ ಬೆಂಚಿನ ಗೆಳೆಯ ಅದನ್ನೇ ದೊಡ್ಡ ವಾದ ಮಾಡಿದ. ಆದರೆ ಉಬುಂಟುವಿನ 6.8ನ್ನು ನೋಡಿಕೊಳ್ಳುವುದು ಉಬುಂಟುವಿನದೇ ಕರ್ನಲ್ ತಂಡ. ಹೊಸ ಕರ್ನಲ್‌ಗಳಲ್ಲಿ ಆದ ದುರಸ್ತಿಗಳನ್ನು ಅವರು ತಮ್ಮ 6.8ಕ್ಕೆ ಹಿಂದಕ್ಕೆ ತಂದು ಸೇರಿಸುತ್ತಾರೆ, 24.04ಕ್ಕೆ ಹೇಳಿದ ಐದು ವರ್ಷಗಳ ಕಾಲ. ಡೆಬಿಯನ್ 12 ಆರಿಸಿಕೊಂಡದ್ದು 6.1, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಆರಿಸಿಕೊಂಡದ್ದು 6.12, ಎರಡೂ ಲಾಂಗ್‌ಟರ್ಮ್ ಸಾಲಿನವು. ಅಂದರೆ ಕೇಳಬೇಕಾದ ಪ್ರಶ್ನೆ "ನಂಬರ್ ಎಷ್ಟು" ಎಂಬುದಲ್ಲ. "ಇದನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲಿಯವರೆಗೆ" ಎಂಬುದು. ನೀವೇ ಇಳಿಸಿ ನೀವೇ ಕಂಪೈಲ್ ಮಾಡಿ ಹಾಕಿದ ಕರ್ನಲ್ ಅನ್ನು ನೋಡಿಕೊಳ್ಳುವವರು ನೀವೊಬ್ಬರೇ. ಕೆಮಿಸ್ಟ್ರಿ ರೆಕಾರ್ಡು ಬರೆಯಲು ಪುರುಸೊತ್ತಿಲ್ಲದ ನಮಗೆ ಇದು ಆಗುವ ಹೋಗುವ ಮಾತೇ?

ಹೊಸದು ಹಾಕಿದರೆ ಏನಾಗಿಬಿಡುತ್ತದೆ ಎಂದು ಕೇಳುವವರಿಗೆ ನಡೆದ ಸಂಗತಿಗಳನ್ನೇ ಹೇಳುತ್ತೇನೆ. 2021ರಲ್ಲಿ 5.12ರ ಮೊದಲ ಪರೀಕ್ಷಾ ಆವೃತ್ತಿ ಬಂದಾಗ, ಸ್ವಾಪ್ ಫೈಲ್ ಬಳಸುವ ಯಂತ್ರಗಳಲ್ಲಿ ಅದು ಡಿಸ್ಕಿನ ತಪ್ಪು ಜಾಗದಲ್ಲಿ ಬರೆದು ಬೇರೆ ಫೈಲುಗಳನ್ನೇ ಹಾಳುಮಾಡುತ್ತಿತ್ತು. ಟೊರ್ವಾಲ್ಡ್ಸ್ ಅದರ ಹೆಸರನ್ನೇ "5.12-ಆರ್‌ಸಿ1-ಡೋಂಟ್‌ಯೂಸ್" ಎಂದು ಬದಲಿಸಬೇಕಾಯಿತು. ಅದು ಪರೀಕ್ಷಾ ಆವೃತ್ತಿ, ಬಿಡಿ ಎನ್ನಬಹುದು. 2022ರ ಸೆಪ್ಟೆಂಬರ್ ಕೊನೆಗೆ ಬಂದ 5.19.12 ಪರೀಕ್ಷಾ ಆವೃತ್ತಿಯಲ್ಲ, ಅಧಿಕೃತ ಬಿಡುಗಡೆ. ಅದನ್ನು ಹಾಕಿದ ಕೆಲವು ಇಂಟೆಲ್ ಗ್ರಾಫಿಕ್ಸ್ ಲ್ಯಾಪ್‌ಟಾಪ್‌ಗಳ ಪರದೆ ಬಿಳಿಯಾಗಿ ಮಿನುಗತೊಡಗಿತು. ಹೀಗೇ ಬಿಟ್ಟರೆ ಪರದೆಗೇ ಹಾನಿಯಾಗಬಹುದು ಎಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಬರೆಯುವವರೇ ಎಚ್ಚರಿಸಿದರು. ಕೆಲವೇ ದಿನದಲ್ಲಿ 5.19.13 ಬಂತು. ಆದರೆ ಆ ಕೆಲವು ದಿನ ಸಿಕ್ಕಿಬಿದ್ದವರು ಯಾರು? ಎಲ್ಲರಿಗಿಂತ ಮೊದಲು ಹೊಸದು ಹಾಕಿಕೊಳ್ಳುವವರು. ಆಗ ಡೆಬಿಯನ್‌ನ ಸ್ಥಿರ ಆವೃತ್ತಿಯಲ್ಲಿ ಇದ್ದದ್ದು 5.10, ಅವರಿಗೆ ಇಂಥದ್ದೊಂದು ನಡೆಯಿತೆಂದೇ ಗೊತ್ತಿಲ್ಲ.

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಲಾಂಗ್‌ಟರ್ಮ್ ಎಂದ ಮಾತ್ರಕ್ಕೆ ದೋಷವೇ ಇರುವುದಿಲ್ಲ ಎಂದಲ್ಲ. 2023ರ ಡಿಸೆಂಬರ್‌ನಲ್ಲಿ 6.1.64ರಲ್ಲಿ ಇಎಕ್ಸ್‌ಟಿ4 ಫೈಲ್ ಸಿಸ್ಟಮ್‌ನ ಮಾಹಿತಿ ಕೆಡಿಸಬಲ್ಲ ದೋಷ ನುಸುಳಿತ್ತು. ಅದೇ ಕರ್ನಲ್ ಹೊತ್ತು ಡೆಬಿಯನ್ 12.3 ಹೊರಡುವುದರಲ್ಲಿತ್ತು. ತಂಡದವರು ಇನ್‌ಸ್ಟಾಲ್ ಮಾಡುವ ಚಿತ್ರಗಳನ್ನು ತಡೆಹಿಡಿದು, ಬಳಸುವವರಿಗೆ ಎಚ್ಚರಿಕೆ ಕೊಟ್ಟು, ಮರುದಿನವೇ ಸರಿಪಡಿಸಿದ 12.4 ಬಿಟ್ಟರು. ನನ್ನ ವಾದಕ್ಕೆ ಇದು ವಿರುದ್ಧ ಅಲ್ಲವೇ ಎಂದು ಕೇಳಿದರೆ, ಅಲ್ಲ. ಕಾವಲು ಕಾಯುವವರು ಇದ್ದರು, ಹಿಡಿದರು.

ನಮ್ಮಲ್ಲೇ ನಡೆದದ್ದೊಂದು ಹೇಳಲೇಬೇಕು. ಹೆಸರು ಬೇಡ. ಪ್ರಥಮ ಪಿಯುಸಿಯ ತಂಗಿಯೊಬ್ಬಳ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಮನೆಯ ನಾಲ್ಕು ಮಕ್ಕಳಿಗೆ ಅದೇ. ಯಾರೋ ಬಲ್ಲವರು ಉಬುಂಟು ಹಾಕಿಕೊಟ್ಟು, ಇನ್ನೂ ಚೆನ್ನಾಗಿರಲಿ ಎಂದು ಅದರ ಮೇಲೆ ಅತಿ ಹೊಸ ಕರ್ನಲ್ಲನ್ನೂ ಹಾಕಿಕೊಟ್ಟರು. ಆ ಲ್ಯಾಪ್‌ಟಾಪಿನ ಹಳೆಯ ವೈಫೈ ಚಿಪ್ಪಿನ ಡ್ರೈವರ್ ಕರ್ನಲ್‌ನ ಒಳಗಿನದ್ದಲ್ಲ, ಹೊರಗಿನಿಂದ ಸೇರಿಸುವಂಥದ್ದು. ಹೊಸ ಕರ್ನಲ್‌ಗೆ ಅದು ಹೊಂದಲಿಲ್ಲ. ವೈಫೈ ಮಾಯ. ಸ್ಕಾಲರ್‌ಶಿಪ್ ಅರ್ಜಿ ತುಂಬಲು ಉಳಿದಿದ್ದದ್ದು ಎರಡು ದಿನ. ಅವಳ ಬಸ್ಸು ನಾಲ್ಕೂಕಾಲಿಗೆ ಹೊರಡುತ್ತದೆ, ಸಂಜೆ ಉಳಿದು ಯಾರ ಬಳಿಯೂ ತೋರಿಸುವ ಹಾಗಿಲ್ಲ. ಕೊನೆಗೆ ಸೈಬರ್ ಸೆಂಟರಿಗೆ ದುಡ್ಡು ಕೊಟ್ಟು ಅರ್ಜಿ ಹಾಕಿದಳು. ಕಂಪ್ಯೂಟರ್ ಆನ್ ಮಾಡುವಾಗ ಬರುವ ಗ್ರಬ್ ಮೆನುವಿನಲ್ಲಿ "ಅಡ್ವಾನ್ಸ್ಡ್ ಆಪ್ಷನ್ಸ್" ಒತ್ತಿ ಹಳೆಯ ಕರ್ನಲ್ ಆರಿಸಿದ್ದರೆ ವೈಫೈ ವಾಪಸ್ ಬರುತ್ತಿತ್ತು. ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಈಗ ಆ ಮನೆಯಲ್ಲಿ ಲಿನಕ್ಸ್ ಎಂದರೆ "ಇಂಟರ್ನೆಟ್ ಹೋಗುವ ಸಾಮಾನು".

ಮೊದಲ ಇನ್‌ಸ್ಟಾಲ್‌ನಲ್ಲಿ ಇಷ್ಟು ಎಚ್ಚರ ಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಎರಡನೆಯ ಸಲ ಕೆಟ್ಟರೆ ಸರಿಮಾಡಲು ಸ್ವಲ್ಪವಾದರೂ ತಿಳಿದಿರುತ್ತದೆ. ಮೊದಲ ಸಲ ಕೆಟ್ಟರೆ ತಪ್ಪು ಕರ್ನಲ್‌ನದ್ದೋ ಡ್ರೈವರಿನದ್ದೋ ತನ್ನದೋ ಎಂದೇ ಗೊತ್ತಾಗುವುದಿಲ್ಲ. ಮನೆಯವರ ಬೈಗುಳವೂ ಸೇರಿಕೊಂಡರೆ ಆ ಹುಡುಗನೋ ಹುಡುಗಿಯೋ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಭದ್ರತೆಯ ಪ್ರಶ್ನೆ ಎತ್ತುವವರಿದ್ದಾರೆ. ಹಳೆಯ ಕರ್ನಲ್‌ನಲ್ಲಿ ಕಳ್ಳಗಿಂಡಿಗಳಿರುತ್ತವೆ, ಹೊಸದೇ ಸುರಕ್ಷಿತ ಎನ್ನುತ್ತಾರೆ. ಕೇಳಲು ಸರಿಯೆನಿಸುತ್ತದೆ. "ಡರ್ಟಿ ಪೈಪ್" ಎಂಬ ದೋಷವನ್ನು ನೋಡಿ. ಸಾಮಾನ್ಯ ಬಳಕೆದಾರ ತನಗೆ ಓದಲು ಮಾತ್ರ ಅನುಮತಿಯಿರುವ ಫೈಲಿನ ಮೇಲೆ ಬರೆದು ಇಡೀ ಯಂತ್ರವನ್ನೇ ವಶಮಾಡಿಕೊಳ್ಳಬಹುದಾಗಿತ್ತು. 2022ರ ಮಾರ್ಚ್‌ನಲ್ಲಿ ಇದು ಬಹಿರಂಗವಾದಾಗ ದುರಸ್ತಿ ಆಗಲೇ 5.16.11, 5.15.25, 5.10.102 ಈ ಮೂರರಲ್ಲೂ ಸೇರಿಯಾಗಿತ್ತು. ಅಂದರೆ 2020ರ 5.10 ಇಟ್ಟುಕೊಂಡವರಿಗೂ ಹೊಸದರಷ್ಟೇ ರಕ್ಷಣೆ ಸಿಕ್ಕಿತು. ಇನ್ನೂ ಸ್ವಾರಸ್ಯ ಏನೆಂದರೆ ಈ ದೋಷ ಬಳಕೆಗೆ ಸಿಗುವಂತಾದದ್ದು 5.8ರಿಂದ, ಅದಕ್ಕಿಂತ ಹಿಂದಿನ 5.4 ಇಟ್ಟುಕೊಂಡವರಿಗೆ ಅದು ತಟ್ಟಲೇ ಇಲ್ಲ. ಸುರಕ್ಷತೆ ಇರುವುದು ನಂಬರಿನಲ್ಲಲ್ಲ, ಅಪ್‌ಡೇಟ್ ತೆಗೆದುಕೊಳ್ಳುವುದರಲ್ಲಿ. ಡೇಟಾ ಪ್ಯಾಕ್ ಉಳಿಸಲೆಂದು ಅಪ್‌ಡೇಟ್ ಬಂದ್ ಮಾಡಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಯಾವ ಕರ್ನಲ್ ಕೊಟ್ಟರೂ ಅಷ್ಟೇ. ವಾರಕ್ಕೊಮ್ಮೆ ಕಾಲೇಜಿನ ವೈಫೈಯಲ್ಲಿ ಅಪ್‌ಡೇಟ್ ಮಾಡಿಕೊಳ್ಳಲು ಅನುಮತಿ ಸಿಕ್ಕರೆ ದೊಡ್ಡ ಉಪಕಾರ ಎಂದು ಈ ಸಂದರ್ಭದಲ್ಲಿ ಕೇಳಿಕೊಳ್ಳುತ್ತೇನೆ.

ಹಾಗಾದರೆ ಹೊಸ ಕರ್ನಲ್ ಯಾರಿಗೂ ಬೇಡವೇ? ಬೇಕಾದವರಿದ್ದಾರೆ. ಗಲ್ಫಿನಿಂದ ರಜೆಗೆ ಬರುವ ಮಾಮ ತಂದುಕೊಟ್ಟ ಹೊಚ್ಚಹೊಸ ಲ್ಯಾಪ್‌ಟಾಪ್ ಇದ್ದವರಿಗೆ ಬೇರೆಯೇ ತೊಂದರೆ. ಲಿನಕ್ಸ್‌ನಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್‌ನ ಒಳಗೇ ಬರುತ್ತವೆ. ಚಿಪ್ಪು ಕರ್ನಲ್‌ಗಿಂತ ಹೊಸದಾಗಿದ್ದರೆ ಕರ್ನಲ್‌ಗೆ ಅದರ ಪರಿಚಯವೇ ಇರುವುದಿಲ್ಲ. ಇಂಟೆಲ್‌ನ ಎಎಕ್ಸ್210 ವೈಫೈಗೆ ಕನಿಷ್ಠ 5.10 ಬೇಕು, ಬಿಇ200ಕ್ಕೆ ಕನಿಷ್ಠ 6.5. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಸಿಗುವ ರಿಯಲ್‌ಟೆಕ್ 8852ಬಿಇಗೆ ಡ್ರೈವರ್ ಬಂದದ್ದು 6.2ರಲ್ಲಿ. ಡೆಬಿಯನ್ 12ರಲ್ಲಿರುವುದು 6.1. ಒಂದೇ ಒಂದು ಮೆಟ್ಟಿಲಿನ ವ್ಯತ್ಯಾಸ, ವೈಫೈ ಇಲ್ಲ! ಇಂಥವರಿಗೆ "ಹಳೆಯದೇ ಒಳ್ಳೆಯದು" ಎಂದು ಉಪದೇಶ ಮಾಡಿದರೆ ಅದು ಮೂರ್ಖತನ.

ಆದರೆ ಇವರೂ ಕರ್ನಲ್ ಡಾಟ್ ಆರ್ಗ್‌ಗೆ ಓಡಬೇಕಾಗಿಲ್ಲ. ಅದೇ ಉಬುಂಟು 24.04 ಬೇರೆಬೇರೆ ಕರ್ನಲ್ ಹೊತ್ತು ಬರುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಮೊದಲು ಬಂದದ್ದರಲ್ಲಿ 6.8, 2025ರ ಫೆಬ್ರವರಿಯ 24.04.2ರಲ್ಲಿ 6.11, ಆಗಸ್ಟಿನ 24.04.3ರಲ್ಲಿ 6.14. ಹೊಸ ಹಾರ್ಡ್‌ವೇರ್ ಇರುವವರಿಗೆಂದೇ ಈ ಏರ್ಪಾಡು. ಕೊನೆಯ ಚುಕ್ಕಿಯ ನಂತರದ ಅಂಕಿ ನೋಡಿ ಐಎಸ್‌ಒ ಇಳಿಸಿಕೊಂಡರೆ ಆಯಿತು. ಡೆಬಿಯನ್‌ನಲ್ಲಾದರೆ ಬ್ಯಾಕ್‌ಪೋರ್ಟ್ಸ್ ಎಂಬ ಭಂಡಾರದಲ್ಲಿ ಹೊಸ ಕರ್ನಲ್ ಸಿಗುತ್ತದೆ. ಎರಡರಲ್ಲೂ ನೋಡಿಕೊಳ್ಳುವವರು ಬೇರೆ ಇದ್ದಾರೆ, ನೀವಲ್ಲ. ಅಲ್ಲದೆ ಸೆಕ್ಯೂರ್ ಬೂಟ್ ಆನ್ ಇರುವ ಯಂತ್ರ ಸಹಿಯಿಲ್ಲದ ಕರ್ನಲ್ಲನ್ನು ಒಳಗೇ ಬಿಡುವುದಿಲ್ಲ. ಮನೆಯಲ್ಲಿ ಕಂಪೈಲ್ ಮಾಡಿದ್ದಕ್ಕೆ ಸಹಿ ಹಾಕುವ ಕೆಲಸವೂ ನಿಮ್ಮದೇ ಆಗುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. ಯಂತ್ರ ಹಳೆಯದು, ಆದ್ದರಿಂದ ಕರ್ನಲ್ಲೂ ಹಳೆಯದೇ ಇರಲಿ ಎಂದು ಎಲ್ಲಿಂದಲೋ ಉಬುಂಟು 16.04ರ ಡಿವಿಡಿ ಹುಡುಕಿ ತರುವವರು. ಅದರ ಸಾಮಾನ್ಯ ಬೆಂಬಲ 2021ರಲ್ಲೇ ಮುಗಿದಿದೆ. ಹಳೆಯ ಲ್ಯಾಪ್‌ಟಾಪ್ ನಿಧಾನವಾಗುವುದು ಕರ್ನಲ್‌ನಿಂದಲ್ಲ, ಹೆಚ್ಚಾಗಿ ಡೆಸ್ಕ್‌ಟಾಪ್ ಮತ್ತು ಬ್ರೌಸರಿನಿಂದ. 4 ಜಿಬಿ ರ‍್ಯಾಮ್ ಇದ್ದರೆ ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಹಾಕಿ, ಕರ್ನಲ್ ಈಗಿನ ಕಾಲದ್ದೇ ಇರಲಿ. ತೀರಾ ಹಳೆಯ 32 ಬಿಟ್ ಯಂತ್ರವಾದರೆ ಮಾತ್ರ ಮೊದಲೇ ವಿಚಾರಿಸಿಕೊಳ್ಳಿ. ಡೆಬಿಯನ್ 13ರಿಂದ ಅವುಗಳಿಗೆ ಇನ್‌ಸ್ಟಾಲರ್ ಸಿಗುವುದಿಲ್ಲ.

ಯಾರ ಯಂತ್ರಕ್ಕೆ ಯಾವುದು ಸರಿ ಎಂದು ತಿಳಿಯಲು ವಾದ ಬೇಕಾಗಿಲ್ಲ, ಪೆನ್‌ಡ್ರೈವ್ ಸಾಕು. ಪೆನ್‌ಡ್ರೈವಿನಿಂದಲೇ ಲೈವ್ ಆಗಿ ಓಡಿಸಿದಾಗ ಕೆಲಸ ಮಾಡುವುದು ಆ ಐಎಸ್‌ಒದ ಜೊತೆ ಬಂದ ಕರ್ನಲ್ಲೇ. ಡಿಸ್ಕನ್ನು ಮುಟ್ಟದೆ ಅರ್ಧ ಗಂಟೆ ನೋಡಬಹುದು: ವೈಫೈ ಹಿಡಿಯುತ್ತದೆಯೇ, ಸೌಂಡ್ ಬರುತ್ತದೆಯೇ, ಟಚ್‌ಪ್ಯಾಡ್, ಪರದೆಯ ಬೆಳಕು ಏರಿಳಿಸುವುದು, ಮುಚ್ಚಿ ತೆರೆದರೆ ಎದ್ದೇಳುತ್ತದೆಯೇ. ಎಲ್ಲ ಸರಿಯಿದ್ದರೆ ಅದೇ ನಿಮ್ಮ ಕರ್ನಲ್, ಹುಡುಕಾಟ ಮುಗಿಯಿತು. ಟರ್ಮಿನಲ್‌ನಲ್ಲಿ "ಯುನೇಮ್ -ಆರ್" ಎಂಬ ಆಜ್ಞೆ ಕೊಟ್ಟು ಅದರ ನಂಬರ್ ಬರೆದಿಟ್ಟುಕೊಳ್ಳಿ. ಸರಿಯಿಲ್ಲದಿದ್ದರೆ ಅದೇ ಡಿಸ್ಟ್ರೋದ ಹೊಸ ಐಎಸ್‌ಒ ನೋಡಿ. ಇನ್‌ಸ್ಟಾಲ್ ಒತ್ತುವ ಮೊದಲು ಮನೆಯ ಫೋಟೋಗಳು, ಅಬ್ಬನ ಲೆಕ್ಕದ ಫೈಲುಗಳು ಬೇರೆ ಕಡೆ ಕಾಪಿಯಾಗಿರಲಿ ಎಂದು ನಾನು ಹೇಳಬೇಕೇ?

ಕರ್ನಲ್ ಕಂಪೈಲ್ ಮಾಡುವ ಗೆಳೆಯರ ಮೇಲೆ ನನಗೆ ಸಿಟ್ಟಿಲ್ಲ, ಹೊಟ್ಟೆಕಿಚ್ಚು ಸ್ವಲ್ಪ ಇದೆ. ದ್ವಿತೀಯ ಪಿಯುಸಿಯಲ್ಲಿ ಕುಳಿತು ಅಷ್ಟು ಕಲಿತಿರುವುದು ಸಣ್ಣ ಮಾತಲ್ಲ. ಟೊರ್ವಾಲ್ಡ್ಸ್ ಶುರುಮಾಡುವಾಗ ಅವರಿಗೂ ಆಗಿದ್ದದ್ದು 21 ವರ್ಷ. ಹೊಸ ಆವೃತ್ತಿಗಳನ್ನು ಯಾರಾದರೂ ಮೊದಲು ಹಾಕಿ ತಪ್ಪು ಹುಡುಕಿ ವರದಿ ಮಾಡದಿದ್ದರೆ ನಮಗೆಲ್ಲ ಗಟ್ಟಿ ಕರ್ನಲ್ ಸಿಗುವುದೂ ಇಲ್ಲ. ಆದರೆ ಆ ಪ್ರಯೋಗ ಸ್ವಂತ ಯಂತ್ರದಲ್ಲಿ ಅಥವಾ ವರ್ಚುವಲ್‌ಬಾಕ್ಸ್‌ನ ಒಳಗೆ ನಡೆಯಲಿ. ನಾಲ್ಕು ಮಕ್ಕಳು ಹಂಚಿಕೊಳ್ಳುವ ಲ್ಯಾಪ್‌ಟಾಪಿನಲ್ಲಿ ಬೇಡ, ಲ್ಯಾಬಿನಲ್ಲಂತೂ ಬೇಡವೇ ಬೇಡ.

ಲ್ಯಾಬಿನ ವಿಷಯದಲ್ಲಿ ನಮಗೆ ಹತ್ತಿರದಲ್ಲೇ ಒಂದು ಮಾದರಿಯಿದೆ. ಕೇರಳದ ಸರಕಾರಿ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಲಿನಕ್ಸ್ ಸಿದ್ಧಪಡಿಸಿ ಕೊಡುತ್ತದೆ. ಕಾಸರಗೋಡಿನ ಮಕ್ಕಳು ಕಲಿಯುವುದೂ ಅದರಲ್ಲೇ. 2024ರಲ್ಲಿ ಅವರು ಹೊಸ ಆವೃತ್ತಿ ಕೊಟ್ಟಾಗ ಆಧಾರವಾಗಿ ಆರಿಸಿದ್ದು ಆಗಷ್ಟೇ ಬಂದಿದ್ದ ಉಬುಂಟು 24.04 ಅಲ್ಲ, ಎರಡು ವರ್ಷ ಹಳಗಿದ್ದ 22.04. ಅಷ್ಟೊಂದು ಶಾಲೆಗಳ ಯಂತ್ರಗಳನ್ನು ನಡೆಸಬೇಕಾದವರು ಮಾಡಿದ ಆಯ್ಕೆ ಅದು.

ನಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ಸರ್ ಮತ್ತು ಮೇಡಂ ಅವರಲ್ಲಿ ನನ್ನ ವಿನಂತಿ ಇಷ್ಟು. ಎಲ್ಲ ಯಂತ್ರಗಳಿಗೂ ಒಂದೇ ಐಎಸ್‌ಒ, ಡಿಸ್ಟ್ರೋ ಕೊಟ್ಟ ಕರ್ನಲ್ಲೇ ಇರಲಿ. ಮೊದಲು ಒಂದೇ ಯಂತ್ರಕ್ಕೆ ಹಾಕಿ ಎರಡು ವಾರ ಪೈಥಾನ್ ಪ್ರಾಕ್ಟಿಕಲ್ ಅದರಲ್ಲೇ ಮಾಡೋಣ. ಪ್ರಿಂಟರ್, ಪ್ರೊಜೆಕ್ಟರ್ ಸರಿಹೋಗುತ್ತವೆಯೇ ನೋಡೋಣ. ಆಮೇಲೆ ಉಳಿದವು. ಅಪ್‌ಡೇಟ್ ಆದಾಗ ಹಳೆಯ ಕರ್ನಲ್ ಒಂದನ್ನಾದರೂ ಅಳಿಸದೆ ಇಡೋಣ, ಗ್ರಬ್ ಮೆನುವಿನಿಂದ ಅದನ್ನು ಆರಿಸುವುದನ್ನು ಪ್ರತಿ ಬ್ಯಾಚಿಗೂ ಒಮ್ಮೆ ತೋರಿಸೋಣ. ವಾರ್ಷಿಕ ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ತಿಂಗಳಿರುವಾಗ ಯಾರೂ ಏನನ್ನೂ ಬದಲಿಸುವುದು ಬೇಡ.

ಮನೆಯ ಲ್ಯಾಪ್‌ಟಾಪ್‌ಗಳಿಗಾಗಿ ಲ್ಯಾಬಿನ ಬಾಗಿಲಿನ ಪಕ್ಕ ಒಂದು ಹಾಳೆ ಅಂಟಿಸಲು ಅನುಮತಿ ಸಿಕ್ಕಿದೆ. ಲ್ಯಾಪ್‌ಟಾಪಿನ ಮಾಡೆಲ್, ವೈಫೈ ಚಿಪ್ಪು, ಡಿಸ್ಟ್ರೋ, ಕರ್ನಲ್ ನಂಬರ್, ಏನು ಕೆಲಸ ಮಾಡಿತು, ಏನು ಮಾಡಲಿಲ್ಲ, ಇಷ್ಟು ಕಾಲಮ್ಮುಗಳಿವೆ. ಮೊದಲ ಸಾಲಿನಲ್ಲಿ ನಮ್ಮ ಮನೆಯದ್ದನ್ನು ಬರೆದಿದ್ದೇನೆ: ಡೆಬಿಯನ್ 13, ಕರ್ನಲ್ 6.12, ವೈಫೈ ಸರಿ, ಸೌಂಡ್ ಸರಿ, ಮುಚ್ಚಿ ತೆರೆದರೆ ಏಳುತ್ತದೆ, ಬೆರಳಚ್ಚು ಗುರುತಿಸುವ ಗುಂಡಿ ಕೆಲಸ ಮಾಡುವುದಿಲ್ಲ. ನಿಮ್ಮದನ್ನು ಕೆಳಗೆ ಸೇರಿಸಿ. ಕೆಲಸ ಮಾಡದ ಕರ್ನಲ್ ನಂಬರನ್ನೂ ಬರೆಯಿರಿ, ಮುಂದಿನವರಿಗೆ ಅದೇ ಹೆಚ್ಚು ಬೇಕಾದದ್ದು.